ಎಡಮುರಿ

ಆ ಟವೆಲು ಹಾಗೇ ಒಣಗಿಬಿಟ್ಟಿದೆ, ಬಾಲ್ಕನಿಯ ಕಂಬಿಯ ಮೇಲೆ, ನಿನ್ನೆ ಮಗಳು ಹಿಂಡಿ ಎಸೆದು ಹೋದ ಹಾಗೆಯೇ, ಕೊಡವಲಿಲ್ಲ, ಹರವಲಿಲ್ಲ, ಹಗ್ಗದ ಹಾಗೆ ಮುರಿ ಬಿದ್ದು ಸೆಟೆದುಕೊಂಡಿದೆ, ಬಿಡಿಸಬೇಕು, ಆಮೇಲೆ, ಮೊದಲು ಒಲೆಯ ಮೇಲಿನ ಹಾಲು, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕೂರುತ್ತಿವೆ, ಹಾಲಾದರೂ ಅಷ್ಟು ಹೇಳಿ ಉಕ್ಕುತ್ತದೆ — ಪಕ್ಕದಲ್ಲಿ ಲ್ಯಾಪ್‌ಟಾಪು, ಅದರಲ್ಲಿ ಸೂರ್ಯ, ಹಸಿರು ಬಣ್ಣ ಹಚ್ಚಿದ ಸೂರ್ಯ, ಅವನ ಮೈಯಿಂದ ಎಲ್ಲಿಂದಲೋ ಒಂದು ಮೋಡ ಸಿಡಿದು ನಮ್ಮ ಕಡೆ ಹೊರಟಿದೆ, ಕಾಂತದ ಎಳೆಗಳನ್ನು ಹುರಿ ಹೊಸೆದುಕೊಂಡ ಬಿಸಿ ಮೋಡ, ಅದರ ಕಾಂತ ದಕ್ಷಿಣಕ್ಕೆ ಮುಖ ಮಾಡಿ ಬಂದರೆ ಭೂಮಿಯ ಬಾಗಿಲು ತೆರೆದುಕೊಳ್ಳುತ್ತದೆ, ಊರೂರ ಕರೆಂಟು ಹೋಗಬಹುದು, ಉತ್ತರಕ್ಕಾದರೆ ಸವರಿಕೊಂಡು ಹೋಗುತ್ತದೆ, ಯಾವುದು ಅಂತ ಮುಂಚೆ ಹೇಳಬೇಕಾದರೆ ಹುಟ್ಟಿದ ಜಾಗ ಗೊತ್ತಿರಬೇಕು, ಹುಟ್ಟಿದಲ್ಲಿ ಬಿದ್ದ ಮುರಿ ದಾರಿಯುದ್ದಕ್ಕೂ ಬಿಡುವುದಿಲ್ಲ, ಎಡಮುರಿಯೋ ಬಲಮುರಿಯೋ, ಹಾಗೇ ಬರುತ್ತದೆ, ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ, ಬಂದ ಮೋಡವನ್ನು ಅದರ ತವರಿಗೆ ಸೇರಿಸುವುದು, ಈ ಸಲ ತವರೇ ಸಿಗುತ್ತಿಲ್ಲ, ಮೇಡಂ, ವಿದ್ಯುತ್ ಜಾಲದವರು ಫೋನ್ ಮೇಲೆ ಫೋನ್ ಮಾಡ್ತಿದಾರೆ, ಏನ್ ಹೇಳ್ಲಿ, ಕಚೇರಿಯಿಂದ ಕಿರಿಯವನು, ಜಾಗ ಸಿಕ್ತೇನಪ್ಪಾ, ಎಲ್ಲಿ ಮೇಡಂ, ಸೂರ್ಯನ ಮುಖದ ಮೇಲೆ ಒಂದು ಮೊಡವೆ ಕೂಡ ಇಲ್ಲ, ಒಳ್ಳೆ ಮದುಮಗನ ಹಾಗೆ ಕೂತಿದಾನೆ, ನಗುತ್ತಾನೆ, ನನಗೂ ನಗು ಬರಬೇಕಿತ್ತು.

ಒಳಗಿನ ಕೋಣೆಯಲ್ಲಿ ಚೀಲದ ಜಿಪ್ಪು ಎಳೆದ ಸದ್ದು, ಅಂದರೆ ತುಂಬಿ ಆಯಿತು, ಗುಬ್ಬಿ, ಸ್ವೆಟರ್ ಇಟ್ಕೊಂಡ್ಯಾ, ಹೂಂ, ಹಾಲು ಕುಡ್ಕೊಂಡು ಹೋಗೇ, ಬೇಡ, ಬಾಗಿಲು ಮುಚ್ಚಿಕೊಂಡಿತು — ನಿನ್ನೆ ನಾನು ಅಂದದ್ದಾದರೂ ಏನು, ಆ ಟವೆಲ್ ಹಿಂಡಿ ಹಾಕೇ ಅಂದೆ, ಅಷ್ಟೇ, ಹಿಂಡಿದಳು, ಎಸೆದಳು, ನಾಳೆ ಅಪ್ಪಂಗೆ ಬರೋಕೆ ಹೇಳಿದೀನಿ, ಇನ್ಮೇಲೆ ಅಲ್ಲೇ ಇರ್ತೀನಿ, ಅಲ್ಲೇ ಓದ್ತೀನಿ, ಯಾಕೆ ಮಗಳೇ, ಏನಿಲ್ಲ, ನಾನೇನಾದ್ರೂ ಅಂದ್ನಾ, ಏನಿಲ್ಲ ಅಂದ್ನಲ್ಲಮ್ಮ, ಮುಖ ನೋಡಿದೆ, ಒಂದು ಕಲೆಯಿಲ್ಲ, ಒಂದು ಮಿಂಚಿಲ್ಲ, ರಾತ್ರಿಯೆಲ್ಲ ಹಿಂದಿನ ದಿನಗಳನ್ನು ಒಂದೊಂದಾಗಿ ಹಿಂದಕ್ಕೆ ಓಡಿಸಿ ನೋಡಿದೆ, ಸೂರ್ಯನ ಚಿತ್ರಗಳನ್ನು ಓಡಿಸುವ ಹಾಗೆ, ಶಾಲೆಯ ನಾಟಕಕ್ಕೆ ತಡವಾಗಿ ಹೋದದ್ದೋ, ಊಟ ಮಾಡುವಾಗ ಪರದೆ ನೋಡುತ್ತ ಹೂಂಗುಟ್ಟಿದ್ದೋ, ಕೂದಲು ಕತ್ತರಿಸಿಕೊಂಡು ಬಂದಾಗ ನಕ್ಕದ್ದೋ, ಎಲ್ಲೂ ಸಿಗಲಿಲ್ಲ — ಏನಿಲ್ಲ, ಈ ಮಾತು ಎಲ್ಲಿ ಕೇಳಿದ್ದೇನೆ, ಏನಾಯ್ತು ಅಂತಾದ್ರೂ ಹೇಳೇ ಮಾರಾಯ್ತಿ, ಇವಳಪ್ಪ ಮಂಚದ ಅಂಚಿನಲ್ಲಿ ಕೂತು ಕೇಳುತ್ತಿದ್ದರು, ದಿನಾ ಕೇಳುತ್ತಿದ್ದರು, ಪಾಪ, ಏನಿಲ್ಲ ಅನ್ನುತ್ತಿದ್ದೆ, ಒಂದು ದಿನ ಚೀಲ ತುಂಬಿಕೊಂಡು ಇವಳ ಕೈ ಹಿಡಿದು ಅವರ ಮನೆಯ ಮೆಟ್ಟಿಲಿಳಿದು ಬಂದೆ — ಅಯ್ಯೋ ಹಾಲು.

ಉಕ್ಕಿಯೇ ಬಿಟ್ಟಿತು, ಒಲೆ ಆರಿಸಿ, ಒರೆಸುವ ಬಟ್ಟೆ ಅದ್ದಿ, ಒರೆಸಿ, ಹಿಂಡುತ್ತೇನೆ, ಅದೇನೇ ಅದು ಎಲ್ಲಾ ಉಲ್ಟಾ ಹಿಂಡ್ತೀಯಾ ಅಂತ ಅತ್ತೆ ನಗುತ್ತಿದ್ದರು, ಚಿಕ್ಕವಳಿದ್ದಾಗ ಎಡಗೈಗೆ ಬಿದ್ದ ಏಟುಗಳು, ಬರೆಯುವುದು ಉಣ್ಣುವುದು ಬಲಗೈಗೆ ಬಂತು, ಹಿಂಡುವುದು ಮಾತ್ರ ಎಡಕ್ಕೇ ಉಳಿಯಿತು, ಮತ್ತೆ ಫೋನು, ಮೇಡಂ, ಮೋಡ ಮುಟ್ಟಿತು, ಬಾಹ್ಯಾಕಾಶದ ಕಾವಲು ನೌಕೆಗೆ ಬಡಿದಿದೆ, ಎಡಮುರಿ, ಪೂರ್ತಿ ದಕ್ಷಿಣಕ್ಕೆ ತಿರುಗಿದೆ, ಈಗೇನ್ ಮಾಡೋದು, ಮಾಡೋಕೇನಿದೆಯಪ್ಪಾ, ಬಂತು ಅಂತ ಹೇಳ್ಬಿಡು, ಅಷ್ಟೇ, ಕೆಳಗೆ ಕಾರಿನ ಹಾರ್ನು, ಇವಳಪ್ಪನದೇ, ಒಂದೇ ಸಲ, ಮೆಲ್ಲಗೆ, ಅವರು ಯಾವಾಗಲೂ ಹಾಗೆ, ಬಾಗಿಲು ತೆರೆಯುತ್ತದೆ, ಅಮ್ಮಾ ನನ್ನ ಟವೆಲ್ ಎಲ್ಲಿ, ತಂದ್ಕೊಡ್ತೀನಿ ಇರು, ಓಡುತ್ತೇನೆ, ಕಂಬಿಯಿಂದ ಎತ್ತಿದರೆ ಕೋಲಿನ ಹಾಗಿದೆ, ಬಿಡಿಸಿ ಮಡಚಿ ಕೊಡೋಣ ಅಂತ ಹುರಿಯ ಮೇಲೆ ಬೆರಳಿಟ್ಟರೆ — ಎಡಕ್ಕೆ, ಇವಳು ಬರೆಯುವುದು ಬಲಗೈಯಲ್ಲಿ, ಹುಟ್ಟಿದಾಗಿಂದ ಬಲಗೈಯವಳೇ, ಇವಳಪ್ಪನೂ ಬಲಗೈ, ಹಿಂಡುವುದನ್ನು ನಾನು ಯಾವತ್ತೂ ಕಲಿಸಿಲ್ಲ, ಪುಟ್ಟವಳಿದ್ದಾಗ ಸುಮ್ಮನೆ ನೋಡಿಕೊಂಡು ಇದ್ದಳು, ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಕೈಯನ್ನೇ, ಗುಬ್ಬಿ, ಒಂದ್ನಿಮಿಷ ನಿಲ್ಲೇ, ಬಿಡಮ್ಮ, ಅಲ್ಲೇ ಇರ್ಲಿ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಕಾರಿನ ಬಾಗಿಲು, ಕರೆಯಬೇಕು, ಏನಂತ ಕರೆಯಲಿ, ಈ ತುದಿ ಹಿಡಿದರೆ ಎಡಮುರಿ, ತಲೆಕೆಳಗು ಮಾಡಿ ಆ ತುದಿ ಹಿಡಿಯುತ್ತೇನೆ, ಎಡಮುರಿ, ಈ ತುದಿ, ಎಡಮುರಿ,