ಹೆಸರು ಹೇಳಿದ ಬಾಯಿ

ತೀರಿಕೊಂಡ ಗಂಡ ತಿಮ್ಮರಾಯಪ್ಪನವರ ಗದ್ದಕ್ಕೆ ಕಟ್ಟಿದ್ದ ಬಟ್ಟೆಯನ್ನು ಸಡಿಲಿಸುತ್ತಿದ್ದ ವಿಮಲಾಳ ಕೈ, ಬಾಗಿಲಲ್ಲಿ ನಿಂತ ಹೆಂಗಸನ್ನು ಕಂಡು ಹಾಗೇ ನಿಂತಿತು. ಹೂವಿನ ಬೈರಮ್ಮ. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಬನಶಂಕರಿ ಚಿತಾಗಾರಕ್ಕೆ ಒಯ್ಯುವ ಗಾಡಿ ಹೊರಗೆ ಬಂದು ನಿಂತಿತ್ತು. ಬಂದವರು ಒಬ್ಬೊಬ್ಬರಾಗಿ ತಿಮ್ಮರಾಯಪ್ಪನವರ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದರು.

“ಸಾರ್ ಥರ ಪ್ರಾಸಿಕ್ಯೂಟರ್ ಮತ್ತೆ ಬರಲ್ಲ ಬಿಡಿ,” ಎಂದ, ಅವರ ಕೈಕೆಳಗೆ ಕೆಲಸ ಕಲಿತ ವಕೀಲ ಭಾರ್ಗವ. “ನಮ್ಮ ಆಫೀಸಲ್ಲಿ ಮಾಹಿತಿಗೇ ಅಂತ ಬೇರೆ ರೂಮು ಮಾಡಿಸಿದ್ದು ಅವ್ರೇ. ಗುಟ್ಟಾಗಿ ಸುದ್ದಿ ಕೊಡೋರ ಹೆಸರು ಆ ರೂಮಿಂದ ಆಚೆ ಬರಂಗಿಲ್ಲ. ಕೋರ್ಟಲ್ಲಿ ವಾದ ಮಾಡೋ ನಮ್ಗೂ ಹೇಳಂಗಿಲ್ಲ. ಎಷ್ಟು ಸ್ಟ್ರಿಕ್ಟು ಅಂದ್ರೆ, ಒಳಗೊಳಗೇ ಬೈಕೊಳ್ತಿದ್ವಿ! ಇದು ಹೆಂಗೆ ಹೊಳೀತು ಸಾರ್ ಅಂದ್ರೆ ಎದ್ದು ಹೋಗೋರು.”

ವಿಮಲಾ ತಲೆ ತಗ್ಗಿಸಿದಳು.

*

ಆ ರೂಮು ಬರುವ ಮೊದಲಿನ ಮಾತು. ಜಯನಗರದ ಅಂಗಡಿಗಳಿಂದ ಮಾಮೂಲು ಕೀಳುತ್ತಿದ್ದವನ ಜಾಮೀನು ಅರ್ಜಿ. ಅವನ ಕಡೆಯವರು ಸಾಕ್ಷಿಗಳನ್ನು ಹೆದರಿಸುತ್ತಿದ್ದಾರೆಂದು ಬೈರಮ್ಮ ತಿಮ್ಮರಾಯಪ್ಪನವರಿಗೊಬ್ಬರಿಗೇ ಹೇಳಿದ್ದಳು. ಅವರು ಕೋರ್ಟಿನಲ್ಲಿ ಅದನ್ನೆತ್ತಿದರು.

“ಯಾರು ಹೇಳಿದ್ದು ಸಾರ್? ಗಾಳಿನಾ?” ಎಂದು ಎದುರು ವಕೀಲ ನಕ್ಕ.

ತಿಮ್ಮರಾಯಪ್ಪನವರಿಗೆ ರೇಗಿತು. “ಗಾಳಿ ಅಲ್ಲ, ಮಾರ್ಕೆಟ್ ತಿರುವಿನ ಹೂವಿನ ಬೈರಮ್ಮ!”

ಜಾಮೀನು ಸಿಗಲಿಲ್ಲ. ಅಂದು ಅವರು ಮನೆಗೆ ಮೈಸೂರುಪಾಕು ತಂದರು. ಆ ವಾರವೇ ಬೈರಮ್ಮನ ಬೆರಳುಗಳನ್ನು ಯಾರೋ ಕಲ್ಲಿನಿಂದ ಜಜ್ಜಿದರು. ಆಸ್ಪತ್ರೆಯ ಗೇಟಿನವರೆಗೆ ಹೋದ ತಿಮ್ಮರಾಯಪ್ಪ ಹಾಗೇ ಮರಳಿದರು. ಮತ್ತೆ ಆ ತಿರುವಿಗೆ ಕಾಲಿಡಲಿಲ್ಲ. ತರಕಾರಿಗೆ ವಿಮಲಾಳನ್ನೇ ಕಳಿಸುತ್ತಿದ್ದರು. ಅವಳೂ ಹಿಂದಿನ ರಸ್ತೆಯಿಂದ ಬಳಸಿ ಹೋಗುತ್ತಿದ್ದಳು.

*

“ಯಾರು ಮೇಡಂ ಅವ್ರು?” ಭಾರ್ಗವ ಕೇಳಿದ.

ಅಂಗಳದ ತುಂಬ ಜನ. ಹೆಸರು ವಿಮಲಾಳ ನಾಲಿಗೆಯವರೆಗೆ ಬಂದಿತ್ತು.

“ನಮಗೆ ಬೇಕಾದವರು,” ಎಂದಳು.

ಬೈರಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಸಾಹೇಬ್ರು ನಂಗೆ ಮುಖಾನೇ ತೋರಿಸ್ಲಿಲ್ಲ ಕಣವ್ವ. ಇವತ್ತು ಎದ್ದು ಹೋಗಕ್ಕಾಗಲ್ವಲ್ಲ, ಅದ್ಕೇ ಬಂದೆ.”

ವಿಮಲಾ ಅಕ್ಕಿಯ ತಟ್ಟೆಯನ್ನು ಮುಂದೆ ಹಿಡಿದಳು. “ಹಾಕ್ತೀರಾ?”

ಬೈರಮ್ಮ ತುಸು ಹೊತ್ತು ಆ ಬಾಯಿಯನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಬಲಗೈ ತೆಗೆದಳು. ಒಳಕ್ಕೆ ಮಡಚಿಕೊಂಡೇ ಉಳಿದ ಬೆರಳುಗಳು. ಎತ್ತಿದ ಕಾಳೆಲ್ಲ ಸಂದಿಯಿಂದ ಜಾರತೊಡಗಿದವು. ವಿಮಲಾ ತನ್ನ ಅಂಗೈಯನ್ನು ಕೆಳಗೆ ಒಡ್ಡಿದಳು. ತಿಮ್ಮರಾಯಪ್ಪನವರ ತುಟಿಯ ಮೇಲೆ ಬಿದ್ದದ್ದು ಒಂದೇ ಕಾಳು. ಉಳಿದವೆಲ್ಲ ವಿಮಲಾಳ ಅಂಗೈಗೆ ಬಿದ್ದವು.