ಎಡಗೈಯ ಹೂಂ

ಬೈಂಡಿಂಗ್ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ಬರೆಯುವುದು, ಉಣ್ಣುವುದು, ಬೈಯುವಾಗ ಬೆರಳು ತೋರಿಸುವುದು, ಎಲ್ಲ ಎಡಗೈಯಲ್ಲೇ. ಮೆಟ್ಟಿಲಲ್ಲಿ ಜಾರಿ ಮುರಿದುಕೊಳ್ಳುವಾಗಲಾದರೂ ಬಲಗೈ ಕೊಡಬಾರದಿತ್ತೆ? ಅದಕ್ಕೂ ಎಡಗೈಯನ್ನೇ ಮುಂದೆ ಮಾಡಿದಳು. ಮೂಳೆ ಕೂಡಿತು, ಬಲ ಮಾತ್ರ ಮರಳಲಿಲ್ಲ.

ಅವಳು ಇಪ್ಪತ್ತೆರಡು ವರ್ಷ ನಿಂತಿದ್ದ ಕಾಗದ ಕತ್ತರಿಸುವ ಯಂತ್ರಕ್ಕೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರಷ್ಟೇ ಬ್ಲೇಡು ಇಳಿಯುತ್ತದೆ. ಕೈಗಳೆರಡೂ ಗುಂಡಿಯ ಮೇಲಿದ್ದರೆ ಬೆರಳು ಬ್ಲೇಡಿನಡಿ ಇರಲಾರದಲ್ಲ. ಆದರೆ ಆ ಹಳೆಯ ಗುಂಡಿ ಅವಳ ಎಡಗೈಗೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಮಾಲೀಕರು ಅವಳನ್ನು ಅಂಟು ಹಚ್ಚುವ ಮೇಜಿಗೆ ಕೂರಿಸಿದರು. ಬೇರೆಯವರು ತನ್ನ ಯಂತ್ರ ನಡೆಸುವುದನ್ನು ದಿನವಿಡೀ ನೋಡುತ್ತ ಅವಳ ಜೀವ ಹಿಂಡಿದಂತಾಗುತ್ತಿತ್ತು.

ರೇಡಿಯೊ ರಿಪೇರಿ ಮಾಡುವ ತಂಗಿ ಒಂದು ಮಧ್ಯಾಹ್ನ ಬಿಡಿಭಾಗಗಳ ಡಬ್ಬಿ ಹೊತ್ತು ಬಂದಳು. ಗಟ್ಟಿ ಗುಂಡಿ ಕಿತ್ತು, ಬೆರಳು ತಾಗಿದರೆ ಸಾಕೆನ್ನುವಂಥ ಮೆತ್ತನೆಯ ಗುಂಡಿ ಕೂರಿಸಿದಳು. ನಡುವೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು.

"ಇದರೊಳಗೆ ಗೇಟಿದೆ ಅಕ್ಕ. ಎರಡು ಗುಂಡಿ ಮಾತೂ ಕೇಳುತ್ತೆ. ಎರಡೂ ಹೂಂ ಅಂದ್ರೆ ಮಾತ್ರ ಇದೂ ಹೂಂ ಅನ್ನುತ್ತೆ. ಒಂದು ಊಹೂಂ ಅಂದ್ರೂ ಇಲ್ಲ."

"ನನ್ನ ಕೈ ಮೆಲ್ಲಗೆ ಅಂದ್ರೆ?"

"ಮೆಲ್ಲಗೆ ಅಂದ ಹೂಂ ಕೂಡ ಹೂಂನೇ. ಇದಕ್ಕೆ ಅರ್ಧ ಹೂಂ ಗೊತ್ತಿಲ್ಲ."

ಬ್ಲೇಡಿನ ಬದಲು ಮೊದಲು ಬಲ್ಬಿಗೆ ತಂತಿ ಜೋಡಿಸಿದರು. ಮಾಲೀಕರು ಬಂದು ನಿಂತರು. ಎಡಚಿ ಎರಡೂ ಕೈ ಚಾಚಿ ಒತ್ತಿದಳು. ಬಲ್ಬು ಹತ್ತಿತು.

"ನಾಳೆಯಿಂದ ಇಲ್ಲೇ ನಿಂತ್ಕೊಳಮ್ಮ," ಎಂದು ಮಾಲೀಕರು ಗಿರಾಕಿಯನ್ನು ನೋಡಲು ಹೊರಗೆ ಹೋದರು.

ಎಡಚಿಯ ಕಣ್ಣು ತುಂಬಿ ಬಂತು. ಬಲಗೈ ಗುಂಡಿಯ ಮೇಲೇ ಇತ್ತು, ಅಭ್ಯಾಸದಂತೆ ಎಡಗೈ ಎತ್ತಿ ಒರೆಸಿಕೊಂಡಳು. ಬಲ್ಬು ಉರಿಯುತ್ತಲೇ ಇತ್ತು.

ಅವಳು ಎಡಗೈಯನ್ನೊಮ್ಮೆ, ಬಲ್ಬನ್ನೊಮ್ಮೆ ನೋಡಿದಳು. ತಂಗಿ ತಂತಿ ಸುತ್ತುತ್ತಿದ್ದಳು, ಗಮನಿಸಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲಸ ಕೈಗೆ ಬಂದಾಗಿತ್ತು. ಆದರೆ ಒಂದೇ ಕೈಗೆ ಇಳಿಯುವ ಬ್ಲೇಡು ಇನ್ನೊಂದು ಕೈಯನ್ನು ಬಿಟ್ಟೀತೆ? ನಾಳೆ ತನ್ನದು, ನಾಡಿದ್ದು ಇನ್ಯಾರದೋ.

"ಲೇ, ನನ್ನ ಎಡಗೈ ಇಲ್ಲಿದೆ. ಬಲ್ಬು ನೋಡು," ಎಂದಳು.

ತಂಗಿ ಚಿಪ್ಪು ಕಿತ್ತು ಭೂತಗನ್ನಡಿ ಹಿಡಿದು ನೋಡಿ ನಾಲಿಗೆ ಕಚ್ಚಿಕೊಂಡಳು. ಡಬ್ಬಿಯಲ್ಲಿ ಎರಡು ಬಗೆಯ ಗೇಟುಗಳು ಕಲೆತಿದ್ದವು. ಒಂದೇ ಮೈ, ಅದೇ ಹದಿನಾಲ್ಕು ಕಾಲು, ತಂತಿ ಸೇರುವ ಜಾಗವೂ ಒಂದೇ. ಇದು ಮಾತ್ರ ಯಾವುದಾದರೂ ಒಂದು ಗುಂಡಿ ಹೂಂ ಎಂದರೂ ತಲೆಯಾಡಿಸುವ ಜಾತಿ. ಎರಡೂ ಒತ್ತಿದಾಗ ಎರಡು ಜಾತಿಯೂ ಬಲ್ಬು ಹತ್ತಿಸುತ್ತವೆ. ಒಂದೊಂದೇ ಒತ್ತಿ ನೋಡಬೇಕಿತ್ತು, ಖುಷಿಯಲ್ಲಿ ಇಬ್ಬರಿಗೂ ಹೊಳೆದಿರಲಿಲ್ಲ.

ಈ ಸಲ ತಂಗಿ ಮೇಲೆ ಅಚ್ಚಾದ ಹೆಸರು ಓದಿಯೇ ಸರಿಯಾದ ಚಿಪ್ಪು ಕೂರಿಸಿದಳು. ಎಡಚಿ ತಾನೇ ಹೋಗಿ ಮಾಲೀಕರನ್ನು ಮತ್ತೆ ಕರೆದು ತಂದಳು.

"ಆಗ್ಲೇ ಉರೀತಲ್ಲಮ್ಮ?"

"ಆಗ ಬಲಗೈ ಒಂದೇ ದುಡಿದಿತ್ತು ಸಾರ್. ಎಡಗೈದು ಇನ್ನೂ ಗೊತ್ತಿಲ್ಲ."

ಬಲಗುಂಡಿ ಒತ್ತಿದಳು. ಬಲ್ಬು ಸುಮ್ಮನಿತ್ತು. ಅದನ್ನು ಒತ್ತಿ ಹಿಡಿದೇ ಎಡಗೈಯನ್ನು ತಂದಿಟ್ಟಳು. ಬೆರಳು ಗುಂಡಿಯಿಂದ ಜಾರಿತು. ಎಡಚಿ ಕೈಯನ್ನು ಮತ್ತೆ ಇಟ್ಟು, ಒತ್ತುವ ಗೋಜಿಗೇ ಹೋಗದೆ, ಅದರ ಭಾರವನ್ನಷ್ಟೇ ಗುಂಡಿಯ ಮೇಲೆ ಬಿಟ್ಟಳು.

ಬಲ್ಬು ಹತ್ತಿತು.

"ಹೂಂ ಅಂತು," ಎಂದಳು ತಂಗಿ ಮೆಲ್ಲಗೆ.

ಇಂಥ ಸಂತೋಷ ಎಡಚಿಗೆ ವರ್ಷದಿಂದ ಆಗಿರಲಿಲ್ಲ. ಕಣ್ಣು ಮತ್ತೆ ತುಂಬಿತು, ಒರೆಸಿಕೊಳ್ಳಲು ಎಡಗೈ ತಾನಾಗಿ ಮೇಲೆದ್ದಿತು. ಬಲ್ಬು ಪಟ್ಟನೆ ಆರಿತು. ಅಕ್ಕತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ದೀಪ ಆರಿದ್ದಕ್ಕೆ ಇಷ್ಟು ಖುಷಿಪಡುವವರನ್ನು ಮಾಲೀಕರು ಅಲ್ಲಿಯವರೆಗೆ ನೋಡಿರಲಿಲ್ಲ.