ಗಾಜಿನ ಪೆಟ್ಟಿಗೆಯಿಂದ ಎದ್ದವನು

ಶಾಲನ ಮೂರನೆಯ ರೊಟ್ಟಿ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರುತ್ತಿದ್ದಳು. ಒಳಕೋಣೆಯಿಂದ ಆ ಗಂಡು ದನಿ ಮತ್ತೆ ಕೇಳಿಸಿತು.

"ತೂ ಕೋಣ?"

ನೀ ಯಾರು ಎಂದು ಮರಾಠಿಯಲ್ಲಿ ಕೇಳುವ ದನಿ. ಒಂದು ಗಳಿಗೆ ಬಿಟ್ಟು ಮತ್ತೆ ಅದೇ. ಎದ್ದಾಗಿನಿಂದ ಇದು ಐದನೆಯ ಸಲ. ಶಾಲನ ಗ್ಯಾಸ್ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಒಳಗೆ ಹೋದಳು.

ಮಗಳು ನೂತನ ಹಾಸಿಗೆಯ ಮೇಲೆ ಕೂತು ಮೊಬೈಲನ್ನು ಎಡಗಿವಿಗೆ ಹತ್ತಿರ ಹಿಡಿದಿದ್ದಳು. ಬಲಗಿವಿಯ ತಮಟೆಯಲ್ಲಿ ತೂತು. ಸೋಮವಾರ ಕೊಲ್ಹಾಪುರದಲ್ಲಿ ಆಪರೇಶನ್. ಹೋದ ವಾರ ಡಾಕ್ಟರು ಹುಡುಗಿಯ ಮುಂದೆಯೇ ಎಲ್ಲ ಹೇಳಿದ್ದರು: ಭೂಲ ಕೊಡುತ್ತೇವೆ, ಒಂದೂವರೆ ತಾಸಿನ ಕೆಲಸ, ಸಂಜೆಗೆ ಊಟ ಮಾಡಬಹುದು. ಅರಿವಳಿಕೆಗೆ ಮರಾಠಿಯಲ್ಲಿ ಭೂಲ ಎನ್ನುತ್ತಾರೆ. ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ ಹುಟ್ಟಿ ಬೆಳೆದ ಶಾಲನಳಿಗೆ ಅದು ಹೊಸ ಮಾತೇನಲ್ಲ. ಸಂಜೆಗೆ ಎಂದರೆ ಹೊತ್ತು ಮುಳುಗುವ ಮೊದಲೋ ಆಮೇಲೋ ಎಂದಷ್ಟೇ ಅವಳು ಕೇಳಿದ್ದಳು. ಜೈನರ ಮನೆಯವರು ಮತ್ತೇನು ಕೇಳಿಯಾರು!

ಅವತ್ತಿನಿಂದ ಹತ್ತು ವರ್ಷದ ಆ ಮಾತಿನಮಲ್ಲಿಯ ಬಾಯಿ ಕಟ್ಟಿತ್ತು. ಏನೋ ಕೇಳಲು ತುಟಿ ತೆರೆಯುವಳು, ಹಾಗೇ ಮುಚ್ಚುವಳು. ಸೂಜಿಯ ಹೆದರಿಕೆಯೇ, ನೋವಿನದೇ ಎಂದರೆ ಸುಮ್ಮನೆ ತಲೆ ಅಲ್ಲಾಡಿಸುವಳು. ಯಾವ ಹೆದರಿಕೆ ಎಂದು ಗೊತ್ತಾಗದೆ ಧೈರ್ಯ ಹೇಳುವುದಾದರೂ ಹೇಗೆ? ನಾಲ್ಕೇ ದಿನ ಉಳಿದಿದ್ದವು.

ಮನಸ್ಸು ಬೇರೆ ಕಡೆ ಹೋಗಲಿ ಎಂದು ಶಾಲನ ತಾನೇ ಒಂದು ಹಳೆಯ ಮರಾಠಿ ಸೀರಿಯಲ್ ಹುಡುಕಿ ಕೊಟ್ಟಿದ್ದಳು. 'ಉಲಟಾ ಪ್ರವಾಸ'. ಅವಳು ಎಂಟು ವರ್ಷದವಳಿದ್ದಾಗ ಟಿವಿಯಲ್ಲಿ ಬರುತ್ತಿತ್ತು. ಯಾರೋ ಪುಣ್ಯಾತ್ಮರು ಹಳೆಯ ಕ್ಯಾಸೆಟ್ಟಿನಿಂದ ಇಳಿಸಿ ಮೊಬೈಲಿಗೆ ಬರುವಂತೆ ಮಾಡಿದ್ದರು. ಒಂದು ರವಿವಾರ ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರದ ಕಥೆ, ಮುಂದಿನ ರವಿವಾರ ದೆವ್ವದ ಕಥೆ. ಶಾಲನಳ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿದು ಪಡಸಾಲೆ ಖಾಲಿ ಇರುತ್ತಿದ್ದರಿಂದ ಓಣಿಯ ಮಕ್ಕಳೆಲ್ಲ ಅಲ್ಲೇ. ಏನಿತ್ತು ಆ ಜನರ ಕೈಯಲ್ಲಿ? ಬೆಳ್ಳಿ ಬಣ್ಣ ಬಳಿದ ಹಾಲಿನ ಕ್ಯಾನು, ಸೈಕಲ್ಲಿನ ದೀಪ, ಊದಿನ ಹೊಗೆ. ದೆವ್ವವನ್ನಂತೂ ಒಂದು ಸಲವೂ ತೋರಿಸಲಿಲ್ಲ. ಬಾವಿಯಿಂದ ಅಡುಗೆಮನೆಯವರೆಗೆ ಒದ್ದೆ ಹೆಜ್ಜೆಗಳು, ಅಷ್ಟೇ. ಆ ಹೆಜ್ಜೆ ನೋಡಿ ಓಣಿಯ ಮಕ್ಕಳು ಎಂಟು ದಿನ ಬಚ್ಚಲಿಗೆ ಜೋಡಿಯಾಗಿ ಹೋಗಿದ್ದರು. ಈಗಿನ ಕೋಟಿಗಟ್ಟಲೆಯ ಸಿನಿಮಾಗಳಿಗೆ ಅದು ಬರಲಿಕ್ಕಿಲ್ಲ ಎಂದು ಶಾಲನಳಿಗೆ ಇವತ್ತಿಗೂ ಅನಿಸುತ್ತದೆ.

ನೂತನ ಮೊದಲ ದಿನ ನಕ್ಕಿದ್ದಳು. "ಅವ್ವಾ, ನಿಮ್ಮ ಯಂತ್ರಕ್ಕ ಹಾಲಿನ ಡೇರಿ ನಂಬರ್ ಹಂಗ ಐತಿ ನೋಡ!" ಆಮೇಲೆ ಈ ಭಾಗ ಸಿಕ್ಕಿತು. ಒಬ್ಬ ಮನುಷ್ಯನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ನಲವತ್ತು ದಿನಕ್ಕೆ ಎದ್ದವನು ತನ್ನ ಮಗಳನ್ನೇ ನೋಡಿ "ತೂ ಕೋಣ?" ಅನ್ನುತ್ತಾನೆ. ಅಲ್ಲಿಂದ ಮುಂದಕ್ಕೆ ನೂತನ ಹೋಗಲೇ ಇಲ್ಲ.

"ಮತ್ತ ಅದನ್ನ ನೋಡಾಕತ್ತಿ?" ಎನ್ನುತ್ತ ಶಾಲನ ಪಕ್ಕದಲ್ಲಿ ಕೂತಳು. "ಆ ಹುಡುಗಿನ್ನ ನೋಡ. ಅಳಂಗಿಲ್ಲ, ಚೀರಂಗಿಲ್ಲ. ಕೈಯಾಗಿನ ಹಾಲಿನ ಲೋಟ ಸಾವಕಾಶ ಕೆಳಗ ಇಡತಾಳ. ಎಷ್ಟ ಛಲೋ ಮಾಡ್ಯಾಳ!"

ನೂತನ ಬೆರಳಿನಿಂದ ಮತ್ತೆ ಅದೇ ಜಾಗಕ್ಕೆ ಸರಿಸಿದಳು.

"ಈ ಸೀರಿಯಲ್ಲಿನ ಕಾಲಾಗ ನಾ ಎಂಥಾ ಹುಚ್ಚಿ ಯೇಡಿ ಆಗಿದ್ನಿ, ಹೇಳಲೇನ?"

ಹುಡುಗಿ ಎಡಗಿವಿ ತಾಯಿಯ ಕಡೆ ತಿರುಗಿಸಿದಳು.

"ಅದರಾಗಿನ ಮುದುಕ ಇಲ್ಲಾ, ನಮ್ಮ ಕಡೀ ಮರಾಠಿ ಮಾತಾಡಾಂವ? ಗುಂಡಿ ಒತ್ತೂ ಮುಂದ ದರಾ ಸಲ 'ಯಂತ್ರ ಮಾಗಂ!' ಅಂತ ಒದರಾಂವ. ಯಂತ್ರ ಹಿಂದಕ್ಕ ಅಂತ. ಸೂಟಿಗೆ ಇಚಲಕರಂಜಿಗೆ ದಾದಾಸಾಹೇಬ ಮಾಮಾನ ಮನಿಗೆ ಹೋದ್ನಿ. ಅಲ್ಲಿ ಎಲ್ಲಾರ ಬಾಯಾಗೂ ಒಂದ ಮಾತ. ನಮ್ಮವು ನಾಕ ಯಂತ್ರಮಾಗ, ಅವರವು ಎಂಟ ಯಂತ್ರಮಾಗ."

"ಹಂಗಂದ್ರ?"

"ಮಗ್ಗ, ಕೂಸ. ಪವರಲೂಮ್. ನನಗೇನ ಗೊತ್ತ? ಊರ ತುಂಬ ಹಿಂದಕ್ಕ ಹೋಗೂ ಯಂತ್ರ ಅದಾವು ಅಂತ ತಿಳದ್ನಿ. ಶೆಡ್ಡಿನಾಗಿಂದ ಖಡ್ ಖಡ್ ಖಡ್ ಸಪ್ಪಳ. ಒಳಗ ಹೋದ್ರ ನಾ ಹುಟ್ಟಿದ್ದ ವರ್ಷಕ್ಕಿಂತ ಹಿಂದ ಹೋಗಿ ಇಲ್ಲದಂಗ ಆಗತೇನಿ ಅಂತ ಹೆದರಿಕಿ. ಯಾರಿಗೂ ಹೇಳಲಿಲ್ಲ. ಎರಡ ದಿನ ಊಟಾ ಬಿಟ್ನಿ."

"ಆಮ್ಯಾಲ?"

"ಮೂರನೇ ದಿನ ತಡಿಲಿಲ್ಲ. ಕೇಳೇ ಬಿಟ್ನಿ, ಮಾಮಾ, ನಿನ್ನ ಯಂತ್ರ ಎಷ್ಟ ವರ್ಷ ಹಿಂದ ಹೋಗತೈತಿ ಅಂತ. ಮಾಮಾ ಬಿದ್ದ ಬಿದ್ದ ನಕ್ಕ. ತನ್ನ ಬಕ್ಕತಲಿ ಬಡಕೊಂಡ, 'ಹಿಂದ ಹೋಗೂದ ಆಗಿದ್ರ ಮೊದಲ ಈ ಕೂದಲಾ ತರತಿದ್ನೆಲ್ಲವಾ!' ಅಂದ. ಕೈ ಹಿಡದ ಒಳಗ ಕರಕೊಂಡ ಹೋಗಿ ಲಾಳಿ ತೋರಿಸಿದ, ನೂಲ ತೋರಿಸಿದ. ಒಂದ ಮಾತ ಕೇಳೂದರಾಗ ಎರಡ ದಿನದ ಹೆದರಿಕಿ ಹೋತ."

ನೂತನಳ ತುಟಿಯ ಅಂಚಿನಲ್ಲಿ ನಗೆ ಬಂದು ನಿಂತಿತು. ಅಡುಗೆಮನೆಯಿಂದ ಸೀದ ವಾಸನೆ ಬಂತು. ಶಾಲನ ಏಳಲಿಲ್ಲ. ಒಂದು ರೊಟ್ಟಿ ಹೋದರೆ ಹೋಗಲಿ. ಮಗಳ ತುಟಿಗಳು ತೆರೆದಿದ್ದವು. ಈ ಸಲ ಅವು ಮುಚ್ಚಬಾರದು. ಶಾಲನ ಹಿಟ್ಟಿನ ಬೆರಳಿನಿಂದ ಹುಡುಗಿಯ ಹಣೆಯ ಕೂದಲು ಮೆಲ್ಲಗೆ ಹಿಂದೆ ಸರಿಸಿದಳು.

ನೂತನ ಮೊಬೈಲನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು.

"ಅವ್ವಾ, ಡಾಕ್ಟರ ಭೂಲ ಕೊಡತೇವಿ ಅಂದಾರ. ಹಿಂದಿ ಟೀಚರಬಾಯೀ ಸಾಲ್ಯಾಗ ಭೂಲನಾ ಅಂದ್ರ ಮರೆಯೂದು ಅಂತ ಕಲಿಸ್ಯಾರ. ಸೋಮವಾರ ನಾ ಎದ್ದ ಮ್ಯಾಲ... ನಿನ್ನ ನೋಡಿ ನಾನೂ ನೀ ಯಾರು ಅಂತೇನೇನ?"